ಓಡಿಹೋಗುವವರ ಫೋಟೋ

ಈ ವಿಷಯವನ್ನು ಬರೆಯದೆ ಬಹಳ ದಿನ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಪ್ರತಿ ವಾರ ಈ ಅಂಕಣಕ್ಕೆ ಪೆನ್ನು ಹಿಡಿದಾಗ ಬೇರೆ ಏನಾದರೂ ಸಿಕ್ಕಿಬಿಡುತ್ತಿತ್ತು. ಹುಮನಾಬಾದ್ ರಸ್ತೆಯ ಧೂಳು, ಬೇಯದ ತೊಗರಿ ಬೇಳೆ, ನನ್ನ ಮಂಡಿನೋವು. (ಮಂಡಿನೋವಿನ ಬಗ್ಗೆ ಬರೆದಾಗ ಎಷ್ಟು ಜನ ಫೋನ್ ಮಾಡಿ ಎಣ್ಣೆ ಹೇಳಿದಿರಿ! ಯಾವುದೂ ನಾಟಲಿಲ್ಲ.) ಈ ವಾರ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನನ್ನ ಮೊಮ್ಮಗಳು ಓಡಿಹೋಗುತ್ತಿದ್ದಾಳೆ.

ಗಾಬರಿಯಾಗಬೇಡಿ. ಮನೆಯವರೆಲ್ಲ ಸೇರಿ ಅವಳ ಬ್ಯಾಗು ತುಂಬುತ್ತಿದ್ದೇವೆ.

ಪಲ್ಲವಿ ಹುಮನಾಬಾದಿನಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ. ಹುಡುಗ ಓಂಕಾರನದು ಅಲ್ಲೇ ಹೈವೇ ಮೇಲೆ ಟೈರ್ ಅಂಗಡಿ. ಎರಡೂ ಮನೆಯವರು ಒಪ್ಪಿದ್ದಾರೆ, ನಿಶ್ಚಯವೂ ಆಗಿದೆ. ಕಲ್ಯಾಣ ಮಂಟಪ ನೋಡಲು ಹೊರಟಾಗ ಹುಡುಗಿ ಅಡ್ಡ ನಿಂತಳು. ‘ನಂದು ಎಲೋಪ್‌ಮೆಂಟ್’ ಎಂದಳು.

“ಹಂಗಂದ್ರ ಏನವ್ವ?” ಎಂದೆ.

“ಓಡಿ ಹೋಗಿ ಮದಿವಿ ಆಗೂದು, ಮುತ್ಯಾ.”

“ಯಾರಿಂದ ಓಡ್ತಿ? ಯಾರೂ ಬೆನ್ನ ಹತ್ತಿಲ್ಲಲ್ಲ?”

“ಹತ್ತಿಲ್ಲ ಅಂತೀ? ಸಾವಿರ ಮಂದಿ ಊಟಕ್ಕ ಬೆನ್ನ ಹತ್ಯಾರ!”

ಪ್ಲಾನ್ ಕೇಳಿ. ಮೊದಲು ಚಿಕ್ಕಮಗಳೂರಿನ ಬೆಟ್ಟ. ಸೂರ್ಯ ಹುಟ್ಟುವಾಗ ಹಾರ ಬದಲಾಯಿಸುವುದು. ಆಮೇಲೆ ದಾಂಡೇಲಿ ಕಾಡು. ಅಲ್ಲಿ ನದಿಯಲ್ಲಿ ರಬ್ಬರ್ ದೋಣಿ ಹತ್ತಿ, ಬಿದ್ದು, ಎದ್ದು, ಒದ್ದೆ ಬಟ್ಟೆಯಲ್ಲೇ ತಾಳಿ. ಕೊನೆಗೆ ಗೋಕರ್ಣದ ಸಮುದ್ರ. ಅಲ್ಲಿ ಅಕ್ಷತೆ. ಅಕ್ಷತೆ ಹಾಕುವವರು ಯಾರು ಎಂದರೆ, ‘ಅಲೆಗಳು’ ಎಂದಳು. ಇದಕ್ಕೆಲ್ಲ ಅಡ್ವೆಂಚರ್ ಎನ್ನುತ್ತಾರಂತೆ. ನಮ್ಮ ಬಸವಕಲ್ಯಾಣದವರಿಗೆ ಬೆಟ್ಟ ಎಂದರೆ ಕೋಟೆಯ ದಿಬ್ಬ. ಸಮುದ್ರ ನೋಡಬೇಕೆಂದರೆ ತ್ರಿಪುರಾಂತ ಕೆರೆಯ ಮುಂದೆ ನಿಂತು, ಆಚೆ ದಂಡೆ ಇಲ್ಲ ಎಂದುಕೊಳ್ಳಬೇಕು.

ಓಡಿಹೋಗುವುದಕ್ಕೆ ಒಂದು ವಾಟ್ಸಾಪ್ ಗ್ರೂಪ್ ಆಯಿತು. ಅದರಲ್ಲಿ ನಾನಿದ್ದೇನೆ, ನನ್ನ ಹೆಂಡತಿ ಇದ್ದಾಳೆ, ಬೀಗರೆಲ್ಲ ಇದ್ದಾರೆ. ಮಳೆ ಬಂದರೆ ಏನು, ಸೀರೆಯ ಕೆಳಗೆ ಯಾವ ಬೂಟು, ಕಾಡಿನಲ್ಲಿ ನೆಟ್‌ವರ್ಕ್ ಸಿಗುತ್ತದೆಯೇ, ಎಲ್ಲ ಚರ್ಚೆ. ಪಲ್ಲವಿಯ ಸೋದರಮಾವ ಮಂಠಾಳದಿಂದ ವಾಯ್ಸ್ ಮೆಸೇಜ್ ಕಳಿಸಿದ: “ಮಂಗಳಾರ ಓಡಬ್ಯಾಡ್ರಿ. ಬುಧವಾರ ಓಡ್ರಿ, ದಿನಾ ಛಲೋ ಅದ.” ನನ್ನ ಹೆಂಡತಿ ಸಜ್ಜೆ ರೊಟ್ಟಿ ಬಡಿಯಲು ಕೂತಳು.

“ಓಡಿ ಹೋಗೋರು ರೊಟ್ಟಿ ಕಟಗೊಂಡ ಹೋಗ್ತಾರೇನ?” ಎಂದು ನಾನು ನಕ್ಕೆ.

“ಉಪಾಸ ಓಡಬೇಕೇನ ಮತ್ತ? ನೀವ್ ಸುಮ್ನ ಕೂಡ್ರಿ. ಓಡೋರ ಬಗ್ಗೆ ನಿಮಗೇನ್ ಗೊತ್ತು?”

ಗೊತ್ತು. ಅದೇ ತೊಂದರೆ.

ಆ ಸಂಜೆ ಗ್ರೂಪಿನಲ್ಲಿ ಪಲ್ಲವಿಯ ಒಂದೇ ಒಂದು ಕಟ್ಟಪ್ಪಣೆ ಬಂತು. ‘ನಾವು ವಾಪಸ್ ಬರೋ ತನಕ ಯಾರೂ ನಮ್ಮ ಫೋಟೋ ಸ್ಟೇಟಸ್‌ಗೆ ಹಾಕಬಾರದು.’ ಎಲ್ಲರೂ ಹೆಬ್ಬೆರಳು ಒತ್ತಿದರು. ನಾನು ಒತ್ತಲಿಲ್ಲ. ಎದ್ದು ಅಂಗಳಕ್ಕೆ ಹೋದೆ. ಅವಳು ಹಿಂದೆಯೇ ಬಂದಳು.

“ಮುತ್ಯಾ, ಡ್ರೋನ್ ಬ್ಯಾಡ ಅಂದೀನಿ. ನೀನಽ ಬಾ ಫೋಟೋ ತೆಗೀಲಾಕ. ಬೆಟ್ಟಕ್ಕ ಜೀಪ್ ಹೋಗ್ತದ. ನಿನ್ನ ಮಂಡಿಗಿ ಏನೂ ಆಗಂಗಿಲ್ಲ.”

ಹೊಸ ಓದುಗರಿಗೆ ಹೇಳಬೇಕು. ಮ್ಯಾಟ್ರಿಕ್ ಮುಗಿಸಿದ ಮೇಲೆ ನಾನು ಬಸವಕಲ್ಯಾಣದಲ್ಲಿ ಫೋಟೋ ಸ್ಟುಡಿಯೋ ಹಾಕಿದ್ದೆ. ಕಪ್ಪು ಬಿಳುಪಿನ ಕಾಲ. ಗೋಡೆಗೆ ದೊಡ್ಡ ಪರದೆ. ಅದರಲ್ಲಿ ಬೆಟ್ಟ, ಬೆಟ್ಟದ ಕೆಳಗೆ ಕಾಡು, ಕಾಡಿನ ಕೆಳಗೆ ಸಮುದ್ರ. ಬರೆದ ಪೇಂಟರ್ ಮೂರರಲ್ಲಿ ಒಂದನ್ನೂ ನೋಡಿದವನಲ್ಲ. ಸಮುದ್ರದಲ್ಲಿ ಕಮಲ ಅರಳಿಸಿದ್ದ!

ಒಂದು ಮಧ್ಯಾಹ್ನ ಆ ಪರದೆಯ ಮುಂದೆ ಇಬ್ಬರು ಬಂದು ನಿಂತರು. ಒಟ್ಟಿಗೆ ಬರಲಿಲ್ಲ. ಮೊದಲು ಅವಳು ಬಂದಳು, ಪರೀಕ್ಷೆಗೆ ಫೋಟೋ ಬೇಕೆಂದು. ಹೆಸರು ಶಾಂತಾ. ನಮ್ಮ ಬೀದಿಯ ದೊಡ್ಡ ಬಟ್ಟೆ ಅಂಗಡಿಯವರ ಮಗಳು. ಸ್ವಲ್ಪ ಹೊತ್ತಿಗೆ ಅವನು ಬಂದ, ಹೆಗಲ ಮೇಲೆ ಕಂಬಳಿ ಗಂಟು ಹೊತ್ತು. ಕುರಿ ಕಾಯುವ ಮನೆಯ ಹುಡುಗ. ಮನೆಯವರು ನೇಯ್ದ ಕಂಬಳಿಗಳನ್ನು ಶಾಂತಾಳ ತಂದೆಯ ಅಂಗಡಿಗೆ ಹಾಕುತ್ತಿದ್ದ. ಅಲ್ಲೇ ಪರಿಚಯ. ಎರಡು ಮನೆಗಳ ನಡುವಿನ ದೂರ ಎಷ್ಟೆಂದು ನಮ್ಮ ಕಡೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕೆ?

ಸಂತೆಯ ಮರುದಿನ ಇಬ್ಬರೂ ಬೇರೆ ಬೇರೆಯಾಗಿ ಹುಮನಾಬಾದ್ ತಲುಪಿ, ಅಲ್ಲಿಂದ ಹೈದರಾಬಾದ್ ಬಸ್ಸು ಹತ್ತುವುದಿತ್ತು. ಮುಂದೆ ಯಾರಾದರೂ ಹಿಡಿದು ಕೇಳಿದರೆ ತೋರಿಸಲು ಜೋಡಿ ಫೋಟೋ ಒಂದು ಇರಲಿ ಎಂದು ಬಂದಿದ್ದರು. ಅವರ ಅಡ್ವೆಂಚರಿನ ತಯಾರಿ ಅಷ್ಟೇ.

ನಾನು ‘ರೆಡಿ’ ಎಂದೆ. ಅವನು ಸಮುದ್ರದ ಕಮಲ ನೋಡಿ ಅದೇನೋ ಹೇಳಿದ. ಅವಳು ಕ್ಯಾಮೆರಾ ಮರೆತು ಅವನ ಕಡೆ ತಿರುಗಿ ನಕ್ಕಳು. ನಾನು ಒತ್ತಿದೆ.

ಇಷ್ಟು ವರ್ಷದಲ್ಲಿ ಅಂಥ ಫೋಟೋ ನಾನು ಇನ್ನೊಂದು ತೆಗೆದಿಲ್ಲ. ತೊಳೆದು ನೋಡಿದ ಕೂಡಲೇ ದೊಡ್ಡ ಪ್ರಿಂಟು ಹಾಕಿದೆ. ಅವನು ತನ್ನ ಕಾಪಿ ಒಯ್ಯಲು ಬಂದಾಗ ಅದನ್ನು ನೋಡಿಬಿಟ್ಟ. ಸ್ಟುಡಿಯೋದವರ ಚಟ ಎಲ್ಲರಿಗೂ ಗೊತ್ತಲ್ಲ? ಚೆನ್ನಾಗಿ ಬಂದ ಫೋಟೋವನ್ನು ಬೀದಿಗೆ ಮುಖ ಮಾಡಿ ಶೋಕೇಸಿನಲ್ಲಿ ಇಡುತ್ತೇವೆ.

“ಅಣ್ಣಾ, ನಾವು ಹೋದ ಮ್ಯಾಲ ಬೇಕಾದಂಗ ಹಾಕೋರಿ. ಸಂತಿ ಮುಗಿಯೂ ತನಕ ಮಾತ್ರ ಬ್ಯಾಡ್ರಿ. ನಿಮ್ಮ ಕೈ ಮುಗೀತೀನಿ.”

“ಏ, ಫಿಕರ್ ಮಾಡಬ್ಯಾಡೋ” ಎಂದೆ.

ಸಂತೆಯ ದಿನ ಬೆಳಿಗ್ಗೆ ಹಾಕಿದೆ.

ಯಾಕೆ? ಇಷ್ಟು ದಿನ ಕೇಳಿದವರಿಗೆಲ್ಲ ‘ಕಲೆಯ ಹುಚ್ಚು ರೀ, ತಿಳಿಯದೆ ಆಯ್ತು’ ಎಂದಿದ್ದೇನೆ. ಸುಳ್ಳು. ತಿಳಿದಿತ್ತು. ಸಂತೆಗೆ ಸುತ್ತಲಿನ ಹಳ್ಳಿಯವರೆಲ್ಲ ಬರುತ್ತಾರೆ, ನನ್ನ ಅಂಗಡಿಯ ಮುಂದೆ ನಿಲ್ಲುತ್ತಾರೆ, ‘ಏನ್ ಫೋಟೋ ತೆಗ್ದಾನಪಾ!’ ಎನ್ನುತ್ತಾರೆ. ಮುಂದಿನ ಸಂತೆಯವರೆಗೆ ಕಾಯಬೇಕಿತ್ತು. ನನ್ನಿಂದ ಆಗಲಿಲ್ಲ. ಅಷ್ಟೇ ಕಾರಣ. ಇವತ್ತು ಊಟದ ತಟ್ಟೆ ಮುಂದೆ ಬಂದ ಕೂಡಲೇ ಸ್ಟೇಟಸ್ ಹಾಕುವ ಹುಡುಗರನ್ನು ನಾನು ಈ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೆ? ಮೊಬೈಲೇ ಇಲ್ಲದ ಕಾಲದಲ್ಲಿ ನಾನು ಅವರಿಗಿಂತ ಮುಂದಿದ್ದೆ.

ಜನ ನಿಂತರು. ಹೊಗಳಿದರು. ಹೊಗಳಿದವರಲ್ಲಿ ಯಾರೋ ಒಬ್ಬರು ಶಾಂತಾಳನ್ನು ಗುರುತು ಹಿಡಿದರು. ಮಧ್ಯಾಹ್ನದೊಳಗೆ ಅವಳ ಕಾಕಾ ಬಂದು ಶೋಕೇಸಿನ ಗಾಜು ಒಡೆದು ಫೋಟೋ ಕಿತ್ತುಕೊಂಡು ಹೋದ. ಸಂಜೆಗೆ ಅವಳ ಬಾಯಿ ಬಿಡಿಸಿ, ಅವಳನ್ನು ಉದಗೀರಿನ ಸಂಬಂಧಿಕರ ಮನೆಗೆ ಸಾಗಿಸಿದರು. ಮದುವೆಯನ್ನೂ ಅಲ್ಲೇ ಮಾಡಿದರು.

ಆ ಹುಡುಗ ಸಂತೆಯ ದಿನ ಬೆಳಿಗ್ಗೆಯೇ ಹಳ್ಳಿಯಿಂದ ಹೊರಟಿದ್ದನಂತೆ. ಪೇಟೆಯಲ್ಲಿ ಆದದ್ದು ಅವನಿಗೆ ಗೊತ್ತೇ ಇಲ್ಲ. ಮರುದಿನ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಶಾಂತಾಳ ದಾರಿ ಕಾಯುತ್ತ ನಿಂತಿದ್ದಾಗ ಅವಳ ಬದಲು ಅವಳ ಕಡೆಯವರು ಇಳಿದರು. ಅವನ ಎಡಗಿವಿ ಅಂದಿನಿಂದ ಕೇಳುವುದಿಲ್ಲ.

ಅವನು ಅಲ್ಲಿ ಹೊಡೆತ ತಿನ್ನುತ್ತಿದ್ದಾಗ ನಾನು ಇಲ್ಲಿ ಏನು ಮಾಡುತ್ತಿದ್ದೆ ಗೊತ್ತೇ? ಶೋಕೇಸಿಗೆ ಹೊಸ ಗಾಜು ಕೂಡಿಸುತ್ತಿದ್ದೆ.

ಬಹಳ ವರ್ಷಗಳ ಮೇಲೆ ಶಾಂತಾ ಸ್ಟುಡಿಯೋಗೆ ಬಂದರು. ತೀರಿಕೊಂಡ ತಂದೆಯ ಫೋಟೋ ದೊಡ್ಡದು ಮಾಡಿಸಬೇಕಿತ್ತು. ಆಗ ನಾನು ಕೈ ಮುಗಿದು, ‘ತಪ್ಪಾತವ್ವ’ ಎಂದೆ. ಅವರು ಪರದೆಯ ಕಡೆ ನೋಡಿದರು.

“ಇರಲಿ ಬಿಡ್ರಿ. ಫೋಟೋ ಛಲೋ ಬಂದಿತ್ತು. ನಾನಽ ಹಂಗ ನಗಬಾರದಿತ್ತು.”

ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಇದನ್ನೆಲ್ಲ ಅಂಗಳದಲ್ಲಿ ನಿಂತು ಮೊಮ್ಮಗಳಿಗೆ ಹೇಳಿದೆ. ‘ಆ ಕಾಲನೇ ಹಂಗಿತ್ತು ಬಿಡು ಮುತ್ಯಾ’ ಎಂದು ಸಮಾಧಾನ ಹೇಳುತ್ತಾಳೆ ಎಂದು ಕಾಯ್ದೆ. (ನಮ್ಮ ವಯಸ್ಸಿನವರು ತಪ್ಪು ಒಪ್ಪಿಕೊಳ್ಳುವುದೇ ಸಮಾಧಾನದ ಮಾತು ಕೇಳಲು ಅಲ್ಲವೆ?)

“ಆ ಕಂಬಳಿಯವರು ಈಗ ಎಲ್ಲಿ ಇರ್ತಾರ?” ಎಂದಳು.

“ಇಲ್ಲೇ, ಮೋರಖಂಡ್ಯಾಗ. ಹೊಲಾ ಮಾಡ್ಕೊಂಡ್ ಹಾನ. ಹೆಂಡ್ತಿ, ಮಕ್ಕಳು ಎಲ್ಲಾ ಹಾರ.”

“ಇಲ್ಲೇ ಹಾರಾ? ಅವರಿಗಿ ಹೇಳೀಯೇನ್ ತಪ್ಪಾತಂತ?”

“ಇಲ್ಲ. ಪ್ಯಾಟ್ಯಾಗ ಕಂಡ್ರ ನಾ ಬ್ಯಾರೆ ಓಣಿ ಹಿಡೀತೀನಿ.”

“ಹಂಗಾರ ಮೊದಲ ಅಲ್ಲಿ ಹೋಗಿ ಬಾ. ಆಮ್ಯಾಲ ನನ್ನ ಫೋಟೋ ತೆಗಿ. ಇಲ್ಲಂದ್ರ ನಾ ಮೊಬೈಲ್‌ದಾಗ ಸೆಲ್ಫಿ ತಗೋತೀನಿ, ನೀ ಬರೂದಽ ಬ್ಯಾಡ.”

ಒಬ್ಬಳೇ ಮೊಮ್ಮಗಳು. ಅವಳ ಮದುವೆಯಲ್ಲಿ ನಿಂತು ನೋಡುವ ಭಾಗ್ಯ ಈಗ ಒಂದು ಮಾತಿನ ಮೇಲೆ ನಿಂತಿತು.

ಮೊನ್ನೆ ಆಟೋ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ‘ತಪ್ಪಾತಪ್ಪ’ ಎನ್ನಲೋ, ‘ತಪ್ಪಾತ್ರಿ’ ಎನ್ನಲೋ? ಅಂದು ಹುಡುಗ, ಇಂದು ನನ್ನಂತೆಯೇ ಮುದುಕ. ಸಂಜೆ ಮನೆಗೆ ಬಂದು ಪಲ್ಲವಿಗೆ, “ಅವ ಮನ್ಯಾಗ ಇರಲಿಲ್ಲವ್ವ” ಎಂದೆ. ಅವಳು ನನ್ನ ಮುಖ ನೋಡಿ, “ಪಾಪ, ಬಿಸಲಾಗ ಹೋಗಿ ಬಂದಿ. ನಡಿ ಮುತ್ಯಾ, ನಿನ್ನ ಸೀಟ್ ಬುಕ್ ಮಾಡ್ತೀನಿ” ಎಂದಳು. ಮಾಡಿಯೂ ಬಿಟ್ಟಳು.

ಅವಳು ಈ ಅಂಕಣವನ್ನು ಪ್ರತಿ ವಾರ ಮೊಬೈಲಿನಲ್ಲಿ ತಪ್ಪದೆ ಓದುತ್ತಾಳೆ. ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಸೀಟು ಕ್ಯಾನ್ಸಲ್ ಆದರೆ ಆಗಲಿ.

ಮನೆಯಲ್ಲಿದ್ದ. ಬಾಗಿಲ ಮುಂದೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದ. ಆಟೋ ನಿಂತದ್ದು ನೋಡಿ, ಕಣ್ಣಿಗೆ ಕೈ ಅಡ್ಡ ಹಿಡಿದು, “ಯಾರ್ರಿ ಅದು? ಬಿಸಲಾಗ ಯಾಕ ಕೂತೀರಿ? ಬರ್ರಿ, ನೀರ್ ಕುಡೀರಿ” ಎಂದ.

“ಇಳೀರಿ ಕಾಕಾ, ಇದಽ ಮನಿ” ಎಂದ ಆಟೋದವನು.

“ಇದಲ್ಲಪ್ಪ. ತಿರುಗಸು” ಎಂದೆ.

ಅದೇ ಮನೆಯಾಗಿತ್ತು. ನೀರಿಗೆ ಕರೆದವನು, ನಾನು ಇನ್ನೂ ಕ್ಷಮೆ ಕೇಳದವನು, ಮಾಳಪ್ಪ.