ಹಳೇ ಡಿಸ್ಕಿನೊಳಗಿನ ಅಸಲಿ ಮುಖಗಳು

ಔಷಧಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವುದೇ ಪಾಲಿಶ್‌ನ ಫೋಟೋ ಸ್ಟುಡಿಯೋ. ಮುಖಗಳಿಗೆ ಪಾಲಿಶ್ ಹಾಕುವುದೇ ಅವನ ಕಸುಬಾದ್ದರಿಂದ ಊರವರು ಅವನನ್ನು ಕರೆಯುವುದೂ ಹಾಗೇ. ಮೊಡವೆ, ಮಚ್ಚೆ, ಜೋಲುಗಲ್ಲ, ಕಣ್ಣಿನ ಕೆಳಗಿನ ಚೀಲ, ಏನೇ ಇರಲಿ, ಅವನ ಕೈಗೆ ಸಿಕ್ಕಿತೆಂದರೆ ಅದರ ಕಥೆ ಮುಗಿಯಿತು. ಹಲ್ಲಿನ ಡಾಕ್ಟರು ತಮ್ಮ ಬೋರ್ಡಿನ ಮೇಲೆ ಬಿಳಿ ಹಲ್ಲು ಬಿಟ್ಟು ನಗುತ್ತಾರಲ್ಲ, ಆ ಹಲ್ಲು ಪಾಲಿಶ್‌ನದು. ವರ್ತಕರ ಸಂಘದ ಹಾಲಿನಲ್ಲಿ ಅಧ್ಯಕ್ಷರ ದೊಡ್ಡ ಫೋಟೋ ಇದೆಯಲ್ಲ, ಅದರೊಳಗಿನ ಕೂದಲೂ ಪಾಲಿಶ್‌ನದೇ. ದಟ್ಟವಾಗಿ, ಸ್ವಲ್ಪ ಗುಂಗುರಾಗಿ, ಅಧ್ಯಕ್ಷರೇ ನಿಂತು ಆರಿಸಿದ್ದು.

ಇಷ್ಟೆಲ್ಲ ಮಾಡುವವನು ಬಲು ಜೋರಿನ ಆಸಾಮಿ ಇರಬೇಕು ಅಂದುಕೊಂಡಿರೇನೋ. ಅಯ್ಯೋ, ಎಲ್ಲಿಯ ಮಾತು! ಯಾರು ಏನು ಕೇಳಿದರೂ ಗೋಣಾಡಿಸುವ ಪ್ರಾಣಿ ಅದು. "ಮೂಗು ಸ್ವಲ್ಪ ಸಣ್ಣ ಮಾಡಪ್ಪಾ" ಅಂದರೆ ಹೂಂ. "ಸಾಲದು, ಇನ್ನೂ ಸ್ವಲ್ಪ" ಅಂದರೆ ಅದಕ್ಕೂ ಹೂಂ. ಮೂವತ್ತು ವರ್ಷದ ಕಸುಬಿನಲ್ಲಿ "ಆಗಲ್ಲ" ಅನ್ನುವ ಮಾತು ಅವನ ಬಾಯಿಂದ ಯಾರೂ ಕೇಳಿರಲಿಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ಅವನು ಹಟಮಾರಿ. ಪ್ರತಿ ಮುಖವನ್ನೂ ಎರಡು ಸಲ ಉಳಿಸಿ ಇಡುತ್ತಿದ್ದ. ತಿದ್ದಿದ್ದು 'ತಯಾರು' ಅನ್ನುವ ಫೋಲ್ಡರಿನಲ್ಲಿ, ತಿದ್ದದೆ ಇದ್ದದ್ದು 'ಅಸಲಿ' ಅನ್ನುವುದರಲ್ಲಿ. ಯಾರೂ ಕೇಳದ, ಯಾರೂ ನೋಡದ ಆ ಅಸಲಿಗಳನ್ನು ಯಾಕೆ ಹೊತ್ತುಕೊಂಡಿದ್ದೀರಿ ಅಂತ ಹೆಂಡತಿ ಮೂಗು ಮುರಿಯುತ್ತಿದ್ದಳು. ಅವನಿಗೆ ಕಾರಣವಿತ್ತು. ಅವನಿಗೆ ಮಾತು ಬರುವ ಮೊದಲೇ ತಾಯಿ ತೀರಿಕೊಂಡಿದ್ದಳು, ಉಳಿದದ್ದು ಒಂದೇ ಫೋಟೋ. ಈ ಸ್ಟುಡಿಯೋ ಹಾಕಿದ ಸೋದರಮಾವ ತಂಗಿಯ ಮೇಲಿನ ಅಕ್ಕರೆಗೆ ನೆಗೆಟಿವ್ ಮೇಲೇ ಪೆನ್ಸಿಲ್ ಆಡಿಸಿ, ಆ ಮುಖವನ್ನು ಸೋಪಿನ ಜಾಹೀರಾತಿನ ಹೆಂಗಸಿನ ಮುಖ ಮಾಡಿಬಿಟ್ಟಿದ್ದ. "ನಿಮ್ಮಮ್ಮನ ಮೂಗು ಹೀಗಿರಲಿಲ್ಲ ಕಣೋ" ಅಂತ ದೊಡ್ಡಮ್ಮ ಒಮ್ಮೆ ಹೇಳಿದ್ದಳು. ಮತ್ತೆ ಹೇಗಿತ್ತು ಅಂದರೆ, "ಹೇಗೋ ಇತ್ತಪ್ಪ, ಚೆನ್ನಾಗಿತ್ತು." ಅಷ್ಟೇ. ಹೆತ್ತವಳ ಮೂಗು ಹೇಗಿತ್ತೆಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಇನ್ನೊಬ್ಬರ ಮನೆಯಲ್ಲಿ ಹಾಗಾಗಬಾರದು ಅನ್ನುವುದು ಅವನ ಮನಸ್ಸಿನಲ್ಲಿತ್ತು, ಅದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಎರಡೆರಡು ಮುಖ ತುಂಬಿ ತುಂಬಿ ಕೊನೆಗೆ ಲ್ಯಾಪ್‌ಟಾಪ್ ಏದುಸಿರು ಬಿಡತೊಡಗಿತು. ಒಂದು ಮಚ್ಚೆ ಅಳಿಸಲು ಹೇಳಿದರೆ ಅದು ಯೋಚನೆ ಮಾಡುತ್ತಾ ಕೂರುತ್ತಿತ್ತು, ಅಷ್ಟರಲ್ಲಿ ಇವನು ಕೆಳಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ರಿಪೇರಿಯವಳನ್ನು ಕರೆಸಿದ. ತಲೆಗೂದಲ ಗಂಟಿಗೆ ಸದಾ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುವ ಅವಳಿಗೆ ಎಲ್ಲರೂ ಸ್ಕ್ರೂ ಅಕ್ಕ ಅನ್ನುತ್ತಿದ್ದರು.

"ಡಿಸ್ಕು ತುಂಬಿ ತುಳುಕ್ತಿದೆ. ದೊಡ್ಡದು ಹಾಕಿಸಿಕೊಳ್ಳಿ" ಅಂದಳು ಅವಳು.

"ಹಾಕಿ. ಆದ್ರೆ ನನ್ನ ತಿದ್ದೋ ಸಾಫ್ಟ್‌ವೇರ್? ಅದನ್ನ ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯ್ತು. ಮತ್ತೆ ಹಾಕ್ತೀನಿ ಅಂದ್ರೂ ಸಿಗಲ್ಲ."

"ಅದಕ್ಕೇ ಒಂದೊಂದೇ ಎತ್ತಿ ಹಾಕೋ ಕೆಲಸ ಬೇಡ. ಫೋಟೋ ಆದ್ರೆ ಎತ್ತಿಡಬಹುದು, ಸಾಫ್ಟ್‌ವೇರ್ ಒಳಗೆ ಬೇರು ಬಿಟ್ಟಿರತ್ತೆ. ಇಡೀ ಡಿಸ್ಕನ್ನೇ ಅಚ್ಚು ಹೊಡೆದ ಹಾಗೆ ಹೊಸದಕ್ಕೆ ಇಳಿಸ್ತೀನಿ. ಕ್ಲೋನ್ ಅಂತಾರೆ."

"ಅಸಲಿ ಫೋಲ್ಡರೂ ಬರತ್ತಾ?"

"ನೀವು ಅಳಿಸದಿದ್ರೆ ಕಸಕಡ್ಡಿ ಸಮೇತ ಬರತ್ತೆ."

ಪಾಸ್‌ಪೋರ್ಟ್ ಫೋಟೋಗೆಂದು ಸ್ಟೂಲಿನ ಮೇಲೆ ಬೆನ್ನು ಸೆಟೆಸಿ ಕೂತಿದ್ದ ಕ್ಷೌರಿಕ ಅಲ್ಲಿಂದಲೇ ಕಿವಿ ನೆಟ್ಟಗೆ ಮಾಡಿದ. "ಅಸಲಿ ಅಂದ್ರೇನು ಸ್ವಾಮಿ?" ನಮ್ಮ ಪಾಲಿಶ್ ಒಳ್ಳೇ ಮಗುವಿನ ಹಾಗೆ ಎಲ್ಲವನ್ನೂ ಒಪ್ಪಿಸಿಬಿಟ್ಟ. ಊರಿನ ಮುಖಗಳೆಲ್ಲ ಇದ್ದದ್ದು ಇದ್ದ ಹಾಗೆ ತನ್ನ ಹತ್ತಿರ ಭದ್ರವಾಗಿವೆ ಅಂತ ಕ್ಷೌರಿಕನಿಗೆ ಹೇಳುವುದೂ ಒಂದೇ, ಮೈಕ್ ಹಿಡಿದು ಬೀದಿಯಲ್ಲಿ ಸಾರುವುದೂ ಒಂದೇ.

ಮಾರನೇ ದಿನದಿಂದ ಮೆಟ್ಟಿಲಿಗೆ ಪುರುಸೊತ್ತಿಲ್ಲ. ಮೊದಲು ಬಂದವರು ಶಾಲೆಯ ಮುಖ್ಯೋಪಾಧ್ಯಾಯಿನಿ. "ಸತ್ಯಕ್ಕೆ ಬೆಲೆ ಕೊಡಬೇಕಪ್ಪಾ, ನೀನು ಇಟ್ಟುಕೊಂಡಿರೋದು ಸರಿಯೇ. ಎಲ್ಲರದೂ ಇರಲಿ. ನನ್ನದೊಂದು ಅಳಿಸಿಬಿಡು" ಅಂದರು. ಹಲ್ಲಿನ ಡಾಕ್ಟರು ತುಟಿ ಹೆಚ್ಚು ತೆರೆಯದೆ ಮಾತಾಡಿದರು. "ನನ್ನ ಹಳೇ ಹಲ್ಲು ಹೊರಗೆ ಬಂದ್ರೆ ನನ್ನ ಕುರ್ಚಿ ಮೇಲೆ ಯಾರಯ್ಯಾ ಬಾಯಿ ಬಿಡ್ತಾರೆ?" ಕೊನೆಗೆ ಅಧ್ಯಕ್ಷರೇ ದಯಮಾಡಿಸಿದರು. ಟೋಪಿ ಹಾಕಿಕೊಂಡಿದ್ದರು. "ನನ್ನೊಬ್ಬನದಲ್ಲ, ಎಲ್ಲರದೂ ಹೋಗಬೇಕು. ಇದು ಊರಿನ ಮರ್ಯಾದೆ ಪ್ರಶ್ನೆ" ಅಂತ ಗುಡುಗಿದರು. ತಮ್ಮ ಬುರುಡೆಯ ಮರ್ಯಾದೆಯನ್ನು ಊರಿನ ತಲೆಗೆ ಕಟ್ಟಿದ್ದು ನೋಡಿ! ಪಾಲಿಶ್ ಎಲ್ಲರಿಗೂ "ಆಯ್ತು, ನೋಡೋಣ" ಅಂದ.

"ನೋಡೋದೇನು? ಅಳಿಸಿ ಬಿಸಾಕಿ ನೆಮ್ಮದಿಯಾಗಿರಿ" ಅಂದಳು ಹೆಂಡತಿ. "ಊರನ್ನೆಲ್ಲ ಎದುರು ಹಾಕಿಕೊಂಡ್ರೆ ನಾಳೆ ಯಾರ ಮುಖ ತಿದ್ದುತ್ತೀರಿ? ನನ್ನದಾ?"

ಅವನು ಸ್ಟುಡಿಯೋಗೆ ಹೋದ. ಅಳಿಸಲು ಕೂತ, ನಿಜ. ಫೋಲ್ಡರ್ ತೆರೆದು ಬೆರಳನ್ನು ಬಟನ್ ಮೇಲೆ ಇಟ್ಟ. ಒಂದೊಂದೇ ಮುಖ ಅವನನ್ನೇ ನೋಡಿತು. ಬೆರಳು ಏನು ಮಾಡಿದರೂ ಕೆಳಗಿಳಿಯಲಿಲ್ಲ, ಎದ್ದು ಬಂದುಬಿಟ್ಟ.

ಹಾಗೆ ಮನಸ್ಸು ಹೊಯ್ದಾಡುತ್ತಿರುವಾಗಲೇ ಸ್ಕ್ರೂ ಅಕ್ಕ ಹೊಸ ಡಿಸ್ಕು ತಂದಳು. ಅದನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಕೂರಿಸಿ, ತಂತಿ ಎಳೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಎರಡು ಡಿಸ್ಕಿನ ಚಿತ್ರ ಬಂತು. "ಎಲ್ಲಿಂದ, ಎಲ್ಲಿಗೆ ಅಂತ ಗಟ್ಟಿಯಾಗಿ ಓದಿ" ಅಂದಳು. ಓದಿದ. "ಇನ್ನೊಂದ್ಸಲ ಓದಿ. ಇದು ತಿರುಗುಮುರುಗಾದ್ರೆ ಖಾಲಿ ಡಿಸ್ಕು ಹೋಗಿ ತುಂಬಿದ್ದರ ಮೇಲೆ ಕೂತುಬಿಡತ್ತೆ. ಆಮೇಲೆ ಈ ಊರಲ್ಲಿ ಯಾರಿಗೂ ಮುಖಾನೇ ಇರಲ್ಲ." ಅವನು ಮೂರನೇ ಸಲವೂ ಓದಿದ. ಹಸಿರು ಪಟ್ಟಿ ಬಸವನಹುಳುವಿನ ಹಾಗೆ ಹೊರಟಿತು. ನಡುವೆ ಒಂದೆಡೆ ನಿಂತೇಬಿಟ್ಟಾಗ ಅವನ ಜೀವ ಬಾಯಿಗೆ ಬಂತು. ಅವಳು ಕಡಲೇಕಾಯಿ ಬಿಡಿಸುತ್ತಾ, "ದೊಡ್ಡ ಫೈಲು, ಬರತ್ತೆ ಬಿಡಿ" ಅಂದಳು. ಬಂತು. ಲ್ಯಾಪ್‌ಟಾಪ್ ಮಗುಚಿ ಹಾಕಿ, ಸ್ಕ್ರೂ ಬಿಚ್ಚಿ, ಹಳೇದನ್ನು ತೆಗೆದು ಹೊಸದನ್ನು ಕೂರಿಸಿ ಬಟನ್ ಒತ್ತಿದರೆ, ಅದೇ ಪರದೆ, ಅದೇ ಚೆಲ್ಲಾಪಿಲ್ಲಿ, ಅದೇ ತಿದ್ದುವ ಸಾಫ್ಟ್‌ವೇರು, ಅದೇ ಅಸಲಿ. ದೊಡ್ಡ ಮನೆಗೆ ಹೋದರೂ ಹಳೇ ಮನೆಯ ಜೇಡರಬಲೆ ಸಮೇತ ಬಂದಿತ್ತು. ಜಾಗ ಮಾತ್ರ ಬೇಕಾದಷ್ಟು.

ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅಧ್ಯಕ್ಷರು, ಅವರ ಹಿಂದೆ ಮುಖ್ಯೋಪಾಧ್ಯಾಯಿನಿ, ಡಾಕ್ಟರು. ಅಧ್ಯಕ್ಷರ ಕೈಯಲ್ಲಿ ಸುತ್ತಿಗೆ. ಸಂಘದಲ್ಲಿ ಸಭೆ ಸೇರಿ ಅವರೇ ಒಂದು ತೀರ್ಮಾನಕ್ಕೆ ಬಂದಿದ್ದರು. ಹಳೇ ಮುಖಗಳಿರುವುದು ಹಳೇ ಡಿಸ್ಕಿನಲ್ಲಿ, ಹೊಸ ಮುಖಗಳು ಹೊಸ ಡಿಸ್ಕಿನಲ್ಲಿ. ಹಳೇದನ್ನು ಪುಡಿ ಮಾಡಿದರೆ ಪೀಡೆ ತೊಲಗಿತು.

"ಅದು ಹಾಗಲ್ಲ ಸಾರ್, ಹಳೇದರಲ್ಲಿರೋದು..." ಅಂತ ಪಾಲಿಶ್ ಬಾಯಿ ತೆರೆದ.

"ನಮಗೆ ಪಾಠ ಹೇಳಬೇಡ. ಅಷ್ಟೂ ತಿಳಿಯದೆ ಸಂಘ ನಡೆಸ್ತಿದೀವಾ? ಎಲ್ಲಿ ಆ ಡಿಸ್ಕು?"

"ಸಾರ್, ಎರಡರಲ್ಲೂ..."

"ಸುಮ್ನಿರಯ್ಯಾ!"

ಅವನು ಸುಮ್ಮನಾದ. ಸುಮ್ಮನಿರುವುದರಲ್ಲಿ ಅವನಿಗೆ ಒಳ್ಳೇ ಅಭ್ಯಾಸವಿತ್ತು. ಸ್ಕ್ರೂ ಅಕ್ಕ ಹಳೇ ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದಿಟ್ಟಳು. ಅಧ್ಯಕ್ಷರು ಅಂಗಿಯ ತೋಳು ಮಡಚಿ ಬಾರಿಸಿದರು. ಮೊದಲ ಏಟು ಮೇಜಿಗೆ ಬಿತ್ತು. ಆಮೇಲಿನ ಏಟುಗಳಿಗೆ ಡಿಸ್ಕಿನ ಮುಚ್ಚಳ ಸೊಟ್ಟಗಾಗಿ ಹಾರಿತು. ಒಳಗೆ ಕನ್ನಡಿಯಂತೆ ಹೊಳೆಯುವ ಒಂದು ತಟ್ಟೆ. ಮೂವರೂ ಬಗ್ಗಿ ನೋಡಿದರು. ಮೂವರಿಗೂ ಅದರಲ್ಲಿ ಅವರವರ ಮುಖ ಕಂಡಿತು, ಒಂದಿಷ್ಟೂ ತಿದ್ದದ ಮುಖ. "ನೋಡಿದ್ರಾ, ಇದರಲ್ಲೇ ಇತ್ತು!" ಅಂತ ಡಾಕ್ಟರು ಹೌಹಾರಿದರು. ಮುಖ್ಯೋಪಾಧ್ಯಾಯಿನಿ ಅದರಲ್ಲೇ ಮುಂಗುರುಳು ಸರಿ ಮಾಡಿಕೊಂಡರು. ಅಧ್ಯಕ್ಷರು ಕೊನೆಯ ಏಟು ಹಾಕಿದರು. ಸ್ಕ್ರೂ ಅಕ್ಕನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಹೊರಗೆ ಓಡಿದಳು.

"ನಾನೇನೂ ಸುಳ್ಳು ಹೇಳಲಿಲ್ಲ" ಅಂದ ಪಾಲಿಶ್, ಮನೆಯಲ್ಲಿ.

"ನಿಜಾನೂ ಹೇಳಲಿಲ್ಲ" ಅಂದಳು ಹೆಂಡತಿ. "ಗೊತ್ತಾದ ದಿನ ಆ ಸುತ್ತಿಗೆ ನಿಮ್ಮ ತಲೆ ಮೇಲೆ ಬೀಳತ್ತೆ."

ಆ ಭಯದಲ್ಲೇ ಅವನು ದಿನ ದೂಡಿದ. ಯಾರಾದರೂ ಹಿಂದೆ ನಿಂತರೆ ಸಾಕು, ಫೋಲ್ಡರ್ ಮುಚ್ಚಿ ಗೋಡೆ ನೋಡುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಅಧ್ಯಕ್ಷರ ಹೆಂಡತಿ ತೀರಿಕೊಂಡರು. ಕೆಲವು ವಾರ ಕಳೆದು ಒಂದು ಮಧ್ಯಾಹ್ನ ಅಧ್ಯಕ್ಷರು ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಟೋಪಿ ಇರಲಿಲ್ಲ. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

"ನಾವಿಬ್ಬರೂ ತೆಗೆಸಿಕೊಂಡ ಫೋಟೋ ಮನೆ ಹಾಲಿನಲ್ಲಿ ಹಾಕಿದೀನಿ" ಅಂದರು. "ಮೊಮ್ಮಗಳು ಅದರ ಎದುರಿಗೇ ನಿಂತು, ಅಜ್ಜಿ ಫೋಟೋ ಎಲ್ಲಿ ಅಂತ ಕೇಳ್ತಾಳೆ. ದಿನಾ ಕೇಳ್ತಾಳೆ ಕಣಯ್ಯಾ. ಹಲ್ಲು ಮುಚ್ಚು, ಕಣ್ಣು ನೇರ ಮಾಡು, ಮುಖ ಬಿಳಿ ಮಾಡು ಅಂತ ನಿನ್ನ ತಲೆ ತಿಂದೋನು ನಾನೇ. ಸುತ್ತಿಗೆ ಎತ್ತಿದೋನೂ ನಾನೇ." ಅಷ್ಟು ಹೇಳಿ ಬಾಗಿಲ ಚೌಕಟ್ಟು ಹಿಡಿದು ಅತ್ತುಬಿಟ್ಟರು.

ಪಾಲಿಶ್ ಲೆಕ್ಕ ಹಾಕಿದ. ತೋರಿಸಿದರೆ ತನ್ನ ಗುಟ್ಟು ರಟ್ಟು, ಅಂಗಡಿಗೆ ಬೀಗ. ಸುಮ್ಮನಿದ್ದರೆ ಬಚಾವು. ಹೆದರುತ್ತಲೇ ಅವನು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ ಅಸಲಿ ತೆರೆದ.

ಫೋಟೋದಲ್ಲಿ ಅಧ್ಯಕ್ಷರ ಹೆಂಡತಿ ಕ್ಯಾಮೆರಾ ಕಡೆ ನೋಡುತ್ತಲೇ ಇರಲಿಲ್ಲ. ಗಂಡನ ಕಡೆ ವಾರೆ ತಿರುಗಿ, ಸಂದಿ ಬಿಟ್ಟ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು. ಪಕ್ಕದಲ್ಲಿ ಅಧ್ಯಕ್ಷರು ಹೊಟ್ಟೆ ಒಳಗೆಳೆದು ನಿಂತಿದ್ದರು. ಬೋಳುತಲೆ ದೀಪದ ಬೆಳಕಿಗೆ ಫಳಫಳ. ಕೈಯಲ್ಲಿ, ಜೇಬಿಗೆ ಹಾಕಲು ಮರೆತ ಬಾಚಣಿಗೆ.

ಅಧ್ಯಕ್ಷರು ಪರದೆಗೆ ಮುಖ ಹತ್ತಿರ ತಂದರು. "ನಾವು ಒಡೆದು ಹಾಕಿದ್ವಲ್ಲಯ್ಯಾ?"

"ಡಿಸ್ಕು ಒಡೆದ್ರಿ ಸಾರ್. ಇವೆಲ್ಲ ಅದಕ್ಕೆ ಮೊದಲೇ ಹೊಸದಕ್ಕೆ ಬಂದಿದ್ವು."

"ಎಲ್ಲರದೂ?"

"ಎಲ್ಲರದೂ."

ಈಗ ಬಿತ್ತು ಏಟು ಅಂತ ಅವನು ಕಣ್ಣು ಮುಚ್ಚಿದ. ಏನೂ ಬೀಳಲಿಲ್ಲ. "ಅಳಿಸಬೇಡ" ಅಂದರು ಅಧ್ಯಕ್ಷರು. ಮೂಗು ಒರೆಸಿಕೊಂಡರು. "ಇದನ್ನ ದೊಡ್ಡದು ಮಾಡಿ ಕೊಡು. ಅವಳು ಹೀಗೇ ಇರಲಿ, ಒಂದು ಗೆರೆ ಮುಟ್ಟಬೇಡ." ಕೆಮ್ಮಿದರು. ದನಿ ತಗ್ಗಿಸಿದರು. "ನನಗೆ ಮಾತ್ರ... ಆ ಕೂದಲು ಹಾಕಿಬಿಡು."

ಪಾಲಿಶ್‌ನ ಕೈ ಅಭ್ಯಾಸಬಲದಿಂದ ಮೌಸಿನ ಕಡೆ ಹೋಯಿತು. ಹೋಗಿ ಅಲ್ಲೇ ನಿಂತಿತು.

"ಆಗಲ್ಲ ಸಾರ್" ಅಂದ. ಹೇಳಿದ ಮೇಲೆ ತಾನೇ ಬೆಚ್ಚಿಬಿದ್ದ. "ನಿಮಗೆ ಕೂದಲು ಹಾಕಿದ್ರೆ ಅಮ್ಮಾವ್ರು ಯಾಕೆ ನಗ್ತಿದಾರೆ ಅಂತ ಯಾರಿಗೂ ಗೊತ್ತಾಗಲ್ಲ."

ಅಧ್ಯಕ್ಷರು ಬೋಳುತಲೆಯ ಮೇಲೆ ಕೈಯಾಡಿಸಿಕೊಳ್ಳುತ್ತಾ ಪರದೆಯನ್ನೇ ನೋಡಿದರು. "ಬೆಳಗ್ಗೆ ನಾನು ಬಾಚಣಿಗೆ ಹಿಡಿದು ಕನ್ನಡಿ ಮುಂದೆ ನಿಂತ್ರೆ ಸಾಕು, ಹೀಗೇ ನಗ್ತಿದ್ದಳು" ಅಂದರು. "ನನಗೆ ಸಿಟ್ಟು ಬರ್ತಿತ್ತು." ಆಮೇಲೆ ಸ್ಟೂಲು ಎಳೆದುಕೊಂಡು, ಪ್ರಿಂಟು ಬರುವವರೆಗೂ ಅಲ್ಲೇ ಕೂತರು.