ಎರೆ ಸಾಯಬಾರದು

ಎದುರುಮನೆ ದೊಡ್ಡಪ್ಪನ ಎಡಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿಕೊಂಡಿತ್ತು. ಕಾರ್ಖಾನೆಯ ಲೇತ್ ಮೆಷಿನ್ನು ಕೊಟ್ಟ ಬಹುಮಾನ ಎನ್ನುತ್ತಿದ್ದರು. ಬೆರಳುಗಳೋ ಒಂದೊಂದೂ ಬಾಳೆಕಾಯಿ ಗಾತ್ರ. ಆದರೆ ಆ ಬೆರಳುಗಳ ನಡುವೆ ಕಿರುಬೆರಳುದ್ದದ ಜೀವಂತ ಮೀನು ಬಂದರೆ ಒದ್ದಾಡದೆ ಸುಮ್ಮನಿರುತ್ತಿತ್ತು. ಮೀನು ಮುಟ್ಟುವ ಮುಂಚೆ ಕೈಯನ್ನು ನೀರಲ್ಲಿ ಅದ್ದಲೇಬೇಕು ಎಂಬುದು ಅವರ ಕಟ್ಟುನಿಟ್ಟು. ಹಾಗಾಗಿ ಭಾನುವಾರ ಅಂಗಿಯ ತೋಳು ಮೊಣಕೈವರೆಗೆ ಒದ್ದೆ, ಮನೆಗೆ ಬಂದ ಮೇಲೆ ದೊಡ್ಡಮ್ಮನ ಬೈಗುಳವೂ ಖಾಯಂ.

ನೆಂಟರೇನಲ್ಲ. ಮದುವೆಯಾಗಿ ಅಶೋಕಪುರಂನ ಆ ಬೀದಿಗೆ ಬಂದ ವಾರದಲ್ಲೇ ದೊಡ್ಡಪ್ಪ ಎಂದೆ, ಅದೇ ನಿಂತಿತು. ನಿವೃತ್ತಿಯಾದ ಮೇಲೆ ಅವರಿಗಿದ್ದದ್ದು ಒಂದೇ ಗೀಳು, ಊರಾಚೆಯ ಕೆರೆಯಲ್ಲಿ ಕೊರವ ಮೀನಿಗೆ ಗಾಳ ಹಾಕುವುದು. ಕೊರವ ಬಲು ಜಂಬದ್ದು, ಸತ್ತದ್ದನ್ನು ಮೂಸುವುದಿಲ್ಲ ಎಂದು ಅವರ ವಾದ. ಅದಕ್ಕೇ ಜೀವಂತ ಮರಿಮೀನನ್ನು ಎರೆಯಾಗಿ ಗಾಳಕ್ಕೆ ಚುಚ್ಚುತ್ತಿದ್ದರು. ಚುಚ್ಚಿದ ಮೇಲೂ ಅದು ಈಜಾಡುತ್ತಿರಬೇಕು. ಆ ಎರೆಮೀನಿಗೂ ಅವರಲ್ಲಿ ಶಿಫ್ಟು ಇತ್ತು. ಅರ್ಧ ಗಂಟೆಯಾದರೂ ಕೊರವ ಬರದಿದ್ದರೆ ಎರೆಯನ್ನು ಬಿಡಿಸಿ, "ನಿನ್ ಡ್ಯೂಟಿ ಮುಗೀತು, ನಡಿ ಮನೆಗೆ" ಎಂದು ಬಾಯಲ್ಲೇ ಕಾರ್ಖಾನೆಯ ಸೈರನ್ ಊದಿ ನೀರಿಗೆ ಬಿಡುತ್ತಿದ್ದರು. ಬುದ್ಧ ಪೂರ್ಣಿಮೆಯ ದಿನ ಗಾಳ ಮುಟ್ಟುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಕೆರೆಗೆ ಹಾಜರ್.

ನಾನು ದೇವರಾಜ ಮೊಹಲ್ಲಾದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಸೇರಿ ಒಂಬತ್ತು ವರ್ಷವಾಗಿತ್ತು. ಒಂದು ಬೆಳಿಗ್ಗೆ ನರ ಸಿಗದೆ ಒಬ್ಬ ಅಜ್ಜಿಗೆ ನಾಲ್ಕು ಸಲ ಚುಚ್ಚಿದೆ. ತೋಳು ಊದಿ ನೀಲಿಗಟ್ಟಿತು. ಅಜ್ಜಿಯ ಮಗಳು ಎಲ್ಲರೆದುರು, "ಮನುಷ್ಯರ ಕೈ ಕಣ್ರೀ ಇದು, ದಿಂಬಲ್ಲ" ಎಂದು ಕೂಗಿದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮಾರನೆಯ ದಿನದಿಂದ ಸೂಜಿ ಹಿಡಿದರೆ ನನ್ನ ಕೈ ನಡುಗತೊಡಗಿತು. ಮಾಲೀಕರು ಒಳ್ಳೆಯವರು, ರಿಪೋರ್ಟ್ ಕೊಡುವ ಕೌಂಟರಿನಲ್ಲಿ ಕೂರಿಸಿ, "ಒಂದ್ ತಿಂಗಳು ನೋಡೋಣಮ್ಮ, ಆಮೇಲೆ ಬೇರೆಯವರನ್ನ ತಗೋಬೇಕಾಗ್ತದೆ" ಎಂದರು. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು.

ಜಗಲಿಯ ಮೇಲೆ ಕೂತು ದೊಡ್ಡಮ್ಮನ ಹತ್ತಿರ ಇದನ್ನೆಲ್ಲ ಹೇಳಿಕೊಂಡು ಅತ್ತೆ. ಒಳಗೆ ದೊಡ್ಡಪ್ಪ ಗಾಳದ ದಾರ ಸುತ್ತುತ್ತಿದ್ದರು, ತಲೆ ಕೂಡ ಎತ್ತಲಿಲ್ಲ. ನನಗೆ ಕೋಪವೇ ಬಂತು. ಭಾನುವಾರ ಬೆಳಿಗ್ಗೆ ನೋಡಿದರೆ ನಮ್ಮ ಬಾಗಿಲಲ್ಲಿ ಮೊಪೆಡ್ ನಿಲ್ಲಿಸಿದ್ದಾರೆ.

"ಬಾ, ಬಕೆಟ್ ಇಡ್ಕೊಳಕ್ಕೆ ಒಬ್ರು ಬೇಕು."

ದೊಡ್ಡಮ್ಮ ತಮ್ಮ ಬಾಗಿಲಿನಿಂದಲೇ, "ಹೋಗಮ್ಮ, ಕೆಸರಲ್ಲಿ ಜಾರಿ ಬಿದ್ರೆ ಎತ್ತಕ್ಕೂ ಒಬ್ರು ಬೇಕು" ಎಂದರು.

ಕೆರೆಯ ದಂಡೆಯಲ್ಲಿ ಕೂರಿಸಿ ಗಾಳವನ್ನು ನನ್ನ ಕೈಗೆ ಕೊಟ್ಟರು. "ಬೆನ್ನಿನ ರೆಕ್ಕೆ ಕೆಳಗೆ, ಮೂಳೆಗಿಂತ ಮೇಲೆ. ಅಷ್ಟೇ ಜಾಗ. ಮೂಳೆಗೆ ತಾಗುದ್ರೆ ಸಾಯ್ತದೆ, ತೀರಾ ಮೇಲಾದ್ರೆ ಚರ್ಮ ಕಿತ್ಕೊಂಡು ಹೋಗ್ಬುಡ್ತದೆ." ನಾನು ಒದ್ದೆ ಕೈಯಲ್ಲಿ ಮರಿಮೀನು ಹಿಡಿದೆ, ಉಸಿರು ಬಿಗಿಹಿಡಿದು ಚುಚ್ಚಿದೆ. ಸರಿಯಾದ ಜಾಗಕ್ಕೇ ಬಿತ್ತು. ಆದರೆ ನೀರಿಗೆ ಬಿಟ್ಟರೆ ಮೀನು ಹೊಟ್ಟೆ ಮೇಲಾಗಿ ತೇಲಿತು.

"ನೋಡಿದ್ರಾ, ನನ್ ಕೈಗೆ ಸಿಕ್ಕಿದ್ದೆಲ್ಲ ಹಿಂಗೇ" ಎಂದೆ.

ದೊಡ್ಡಪ್ಪ ಅದನ್ನು ಎತ್ತಿ ತಿರುಗಿಸಿ ನೋಡಿದರು. "ಚುಚ್ಚಿದ್ದಕ್ಕೆ ಸತ್ತಿಲ್ಲ ಕಣಮ್ಮ. ಎದರ್ಕಂಡು ಇಸುಕ್ಬುಟ್ಟಿದ್ದೀಯ. ಬಲಗೈ ಮೇಲೇ ನಿನ್ ಗ್ಯಾನ. ಎಡಗೈ ಏನ್ ಮಾಡ್ತಾ ಅದೆ ಅಂತ ನೋಡು."

ನೋಡಿದೆ. ಎಡಗೈ ಇನ್ನೂ ಮುಷ್ಟಿಯಾಗಿಯೇ ಇತ್ತು.

ಒಂಬತ್ತು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಸೂಜಿ ಹಿಡಿದ ಕೈಯ ಚಿಂತೆಯಲ್ಲಿ, ಅಜ್ಜಿಯ ತೆಳುವಾದ ತೋಳನ್ನು ಇನ್ನೊಂದು ಕೈಯಲ್ಲಿ ಎಷ್ಟು ಬಿಗಿಯಾಗಿ ಅದುಮಿದ್ದೆನೆಂದರೆ ನರ ಚಪ್ಪಟೆಯಾಗಿರಬೇಕು. ಪ್ರತಿ ಸಲ ತಪ್ಪಿದಾಗಲೂ ಇನ್ನಷ್ಟು ಬಿಗಿ ಹಿಡಿದಿದ್ದೆ. ಆಮೇಲೆ ಮೂರು ಭಾನುವಾರ ಕೆರೆಗೆ ಹೋದೆ. ದೊಡ್ಡಪ್ಪ ಹೊಗಳಲಿಲ್ಲ, ಗದರಲಿಲ್ಲ. "ಇಸುಕಬ್ಯಾಡ, ತಡೆದ್ರೆ ಸಾಕು" ಎನ್ನುವುದು ಬಿಟ್ಟರೆ ಬೇರೆ ಪಾಠವಿಲ್ಲ. ನಾಲ್ಕನೆಯ ವಾರ ನಾನು ಚುಚ್ಚಿದ ಎರೆ ಬಾಲ ಆಡಿಸುತ್ತ ಜೊಂಡಿನ ಕಡೆ ಹೊರಟಿತು. ಅದಕ್ಕೆ ಮೊಳದುದ್ದದ ಕೊರವ ಬಿತ್ತು. ಸೋಮವಾರ ಮಾಲೀಕರನ್ನು ಕೇಳಿಕೊಂಡು ಸೂಜಿ ಹಿಡಿದೆ. ಒಬ್ಬರು ಬಡಕಲು ಮುದುಕರು, ಒಂದೇ ಸಲಕ್ಕೆ ರಕ್ತ ಬಂತು. "ಆಗೋಯ್ತಾ?" ಎಂದು ಅವರು ಕೇಳಿದಾಗ ಅವರ ಕಾಲಿಗೆ ಬೀಳಬೇಕೆನಿಸಿತ್ತು.

ಆಮೇಲೆ ಎಷ್ಟೋ ಸಲ, "ದೊಡ್ಡಪ್ಪ, ನಿಮ್ಮದೂ ಒಂದ್ಸಲ ಶುಗರ್ ನೋಡೋಣ" ಎಂದಿದ್ದೇನೆ. "ನಂಗೇನಾಗದೆ ರೋಗ?" ಎಂದು ಜಾರಿಕೊಳ್ಳುತ್ತಿದ್ದರು. ಮೊಂಡುತನ ಎಂದುಕೊಂಡಿದ್ದೆ. ಹೋದ ವರ್ಷ ಕಾಲು ಊದಿ, ಡಾಕ್ಟರು ರಕ್ತಪರೀಕ್ಷೆ ಬರೆದಾಗ ನಾನೇ ಸೂಜಿ ತೆಗೆದುಕೊಂಡು ಅವರ ಮನೆಗೆ ಹೋದೆ. ದೊಡ್ಡಪ್ಪ ಎರಡೂ ಕೈ ಕಂಬಳಿಯೊಳಗೆ ಇಟ್ಟುಕೊಂಡು ಗೋಡೆ ನೋಡುತ್ತಿದ್ದರು.

"ನಂಗೆ ಸೂಜಿ ಅಂದ್ರೆ ಬಯ ಕಣಮ್ಮ. ಚಿಕ್ಕಂದಿನಿಂದ್ಲೂ. ಆವತ್ತು ನೀನು ಜಗಲೀಲಿ ಆ ಅಜ್ಜಿ ಕತೆ ಏಳ್ತಿದ್ರೆ, ಒಳಗೆ ಕೂತಿದ್ದ ನಂಗೆ ಬೆವರು ಕಿತ್ಕೊಂಡಿತ್ತು."

ಅವರ ಕೈಯನ್ನು ಈಚೆ ತೆಗೆದುಕೊಂಡು, ಇಸುಕದೆ ಹಿಡಿದು, ರಕ್ತ ತೆಗೆದೆ. ಕಿಡ್ನಿ ಆಗಲೇ ಸೋತಿತ್ತು. ದಿನಕ್ಕೆ ನಲವತ್ತು ಜನರ ರಕ್ತ ತೆಗೆಯುವವಳು ಎದುರುಮನೆಯ ಇವರದ್ದನ್ನು ಹಟ ಹಿಡಿದು ತೆಗೆಯಲಿಲ್ಲವಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ. ಅವರಿಗೆ ಮಾತ್ರ ನನ್ನ ಮೇಲೆ ಒಂದಿಷ್ಟೂ ಬೇಸರವಿರಲಿಲ್ಲ. ವಾರಕ್ಕೊಮ್ಮೆ ನಾನು ರಕ್ತ ತೆಗೆಯಲು ಹೋದಾಗ ದೊಡ್ಡಮ್ಮನಿಗೆ, "ನೋಡು, ಗೊತ್ತೇ ಆಗಲ್ಲ" ಎಂದು ನನ್ನ ಪರವಾಗಿ ಜಂಬ ಕೊಚ್ಚುತ್ತಿದ್ದರು.

ಆಸ್ಪತ್ರೆಯಿಂದ ಅವರನ್ನು ಕೊನೆಯ ಸಲ ಮನೆಗೆ ತಂದಾಗ, ಅಂಗೈ ಹಿಂದೆ ಡ್ರಿಪ್ಪಿನ ಸೂಜಿ ಹಾಗೇ ಉಳಿದುಹೋಗಿತ್ತು. ಸ್ನಾನ ಮಾಡಿಸಲು ಗಂಡಸರು ಕಾಯುತ್ತಿದ್ದರು. ಯಾರೋ ಕಿತ್ತುಹಾಕಲು ಕೈ ಹಾಕಿದರು. ಅಲ್ಲಿಯವರೆಗೆ ಅಳದೆ ಕೂತಿದ್ದ ದೊಡ್ಡಮ್ಮ ಅವರನ್ನು ತಡೆದು ನನ್ನನ್ನು ಕರೆದರು.

"ನೀನೇ ತೆಗ್ಯಮ್ಮ. ಬೇರೆಯವರು ಮುಟ್ಟುದ್ರೆ ಅವ್ರಿಗೆ ಬಯ."

ಪಕ್ಕದಲ್ಲಿ ಕೂತು ನಿಧಾನವಾಗಿ ಪಟ್ಟಿ ಬಿಡಿಸಿ ಸೂಜಿ ತೆಗೆದೆ. ರಕ್ತ ಬರುವುದಿಲ್ಲವೆಂದು ಗೊತ್ತಿದ್ದರೂ ಹತ್ತಿ ಒತ್ತಿ ಹಿಡಿದೆ. ನನ್ನ ಕೈ ನಡುಗಲಿಲ್ಲ.