ಅಣ್ಣ ಅಳೆದ ಮಂಡಿ

ನನ್ನ ಎಡಗಾಲಿನ ಮಂಡಿಯಲ್ಲಿ ಒಂದು ಕಂಪ್ಯೂಟರ್ ಇದೆ. ನನ್ನ ಮೈಯಲ್ಲಿ ಬುದ್ಧಿ ಇರುವ ಜಾಗ ಅದೊಂದೇ ಎಂದು ಅಣ್ಣ ಹೇಳುತ್ತಾನೆ. ನಾನೂ ವಾದಿಸುವುದಿಲ್ಲ. ಬಸ್ಸು ನಿಲ್ಲುವ ಮೊದಲೇ ಇಳಿದು ಕಾಲು ಕಳೆದುಕೊಂಡವಳು ಯಾವ ಮುಖ ಇಟ್ಟುಕೊಂಡು ವಾದಿಸಬೇಕು? ಆತುರಗಾರನಿಗೆ ಬುದ್ಧಿ ಮಟ್ಟ ಎಂದ ಹಿರಿಯರು ಹೆಂಗಸರನ್ನು ಯಾಕೆ ಬಿಟ್ಟರೋ ಕಾಣೆ. ಆ ಕೊರತೆಯನ್ನು ನಾನು ತುಂಬಿದ್ದೇನೆ.

ಅಣ್ಣ ಕೃತಕ ಕಾಲು ತಯಾರಿಸುವ ಕಂಪನಿಯಲ್ಲಿದ್ದಾನೆ. ಕಾಲು ಮಾಡುವವನಲ್ಲ, ಅಳೆಯುವವನು. ಎಂಜಿನಿಯರುಗಳು ಬರೆದ ಪ್ರೋಗ್ರಾಮನ್ನು ಮಂಡಿಯೊಳಗಿನ ಪುಟ್ಟ ಕಂಪ್ಯೂಟರಿಗೆ ತಿಳಿಯುವ ಭಾಷೆಗೆ ತಿರುಗಿಸಲು ಕಂಪೈಲರ್ ಎಂಬುದೊಂದು ಬೇಕು. ಯಾವ ಕಂಪೈಲರ್ ತಿರುಗಿಸಿಕೊಟ್ಟದ್ದು ಎಷ್ಟು ಬೇಗ ಓಡುತ್ತದೆ ಎಂದು ಅಳೆಯುವುದೇ ಅವನ ಹೊಟ್ಟೆಪಾಡು. ಹೆಜ್ಜೆ ನೆಲಕ್ಕೆ ತಾಗುವಷ್ಟರಲ್ಲಿ ಮಂಡಿ ಬಾಗಬೇಕೋ ಬಿಗಿಯಾಗಬೇಕೋ ಎಂಬ ಲೆಕ್ಕ ಮುಗಿದಿರಬೇಕು. ತಡವಾಗಿ ಬಂದ ಸರಿ ಉತ್ತರವೂ ತಪ್ಪೇ ಎಂದು ಅವನು ಹೇಳಿ ಹೇಳಿ ಅತ್ತಿಗೆಗೆ ಬಾಯಿಪಾಠವಾಗಿದೆ. ಮನೆಯಲ್ಲಿ ಹಾಲು ಉಕ್ಕಲು ಎಷ್ಟು ಹೊತ್ತು ಬೇಕೆಂಬುದನ್ನೂ ಅಳೆದಿಟ್ಟಿದ್ದಾನೆ. ಹಾಲು ಮಾತ್ರ ಉಕ್ಕುತ್ತಲೇ ಇದೆ.

ನನ್ನದು ಒಂದೇ ಆಸೆ. ಕಂಬಿ ಹಿಡಿಯದೆ, ಎಲ್ಲರಂತೆ ಒಂದರ ಮುಂದೆ ಒಂದು ಕಾಲಿಟ್ಟು ಮೆಟ್ಟಿಲಿಳಿಯಬೇಕು. ಈಗಿರುವ ಮಂಡಿ ಸಮನೆಲದಲ್ಲಿ ಚೆನ್ನಾಗಿ ನಡೆಸುತ್ತದೆ, ಮೆಟ್ಟಿಲಲ್ಲಿ ಮಾತ್ರ ನಾನು ಏಡಿ. ನಾನು ಗಣಿತ ಕಲಿಸುವ ಶಾಲೆಯಲ್ಲಿ ಗಂಟೆ ಹೊಡೆದರೆ, ಅಡ್ಡಡ್ಡ ಇಳಿಯುವ ನನ್ನ ಹಿಂದೆ ಮಕ್ಕಳೆಲ್ಲ ಸಾಲುಗಟ್ಟಿ ನಿಲ್ಲಬೇಕು. ಗಣಿತದ ಟೀಚರ್ ಮೇಲೆ ಅವರಿಗಿದ್ದ ಅಷ್ಟಿಷ್ಟು ಪ್ರೀತಿಯೂ ಅಲ್ಲಿಗೆ ಮುಗಿಯುತ್ತದೆ.

ಮೆಟ್ಟಿಲಿನ ಲೆಕ್ಕ ದೊಡ್ಡದು, ಹಳೆಯ ಕಂಪೈಲರ್ ಇಟ್ಟುಕೊಂಡರೆ ಅದಕ್ಕೆ ಸಮಯ ಸಾಲದು ಎನ್ನುತ್ತಿದ್ದರು. ಆಗ ಅಣ್ಣ ಹೊಸದೊಂದನ್ನು ಅಳೆದ. ಮಂಡಿಯ ಲೆಕ್ಕವನ್ನು ಸಾವಿರಾರು ಸಲ ಮಾಡಿಸಿದರೂ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಯಿತು. ಕಚೇರಿಯಲ್ಲಿ ಚಪ್ಪಾಳೆ ಬಿತ್ತು. ಅವನನ್ನೇ ವಿಭಾಗದ ಮುಖ್ಯಸ್ಥನನ್ನಾಗಿ ಮಾಡುವ ಮಾತೂ ಎದ್ದು, ಅವನಿಗೆ ಸಣ್ಣಗೆ ಕೊಂಬು ಬಂತು. ಮೆಟ್ಟಿಲಿನ ಲೆಕ್ಕವನ್ನೂ ಸೇರಿಸಿ ಹೊಸ ಮಂಡಿ ತಯಾರಾಯಿತು. ಅದನ್ನು ಹಾಕಿಕೊಂಡು ಮೊದಲು ಇಳಿಯುವವಳು ನಾನು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ ನಾನು ಹಿಮ್ಮಡಿ ಎತ್ತರದ ಚಪ್ಪಲಿಯನ್ನೂ ಕೊಂಡುಬಿಟ್ಟೆ.

ಹೊಸ ಮಂಡಿಯ ಪರೀಕ್ಷೆಯ ಹಿಂದಿನ ಸಂಜೆ ಅಣ್ಣ ಮತ್ತೆ ಆ ಚಿಟಿಕೆಯಲ್ಲಿ ಮುಗಿದ ಲೆಕ್ಕದ ಪುರಾಣ ತೆಗೆದ. ಬಾಯಿ ಮುಚ್ಚಿಸಲೆಂದು ಕೇಳಿದೆ.

"ಸರಿ ಅಣ್ಣ, ಉತ್ತರ ಎಷ್ಟು ಬಂತು?"

ಬುದ್ಧಿವಂತಿಕೆಯಿಂದ ಕೇಳಿದ್ದಲ್ಲ. ಎಲ್ಲರಿಗಿಂತ ಮೊದಲು ಮುಗಿಸಿದೆ ಎಂದು ಕೈ ಎತ್ತುವ ಮಕ್ಕಳನ್ನು ಕೇಳಿ ಕೇಳಿ ನಾಲಿಗೆಗೆ ಅಂಟಿದ ಚಾಳಿ.

"ಯಾವ ಉತ್ತರ?"

"ಲೆಕ್ಕ ಮಾಡಿಸ್ದೆ ಅಂದ್ಯಲ್ಲ, ಅದರದ್ದು."

"ಉತ್ತರ ಯಾರಿಗೆ ಬೇಕಿತ್ತು? ನಾನು ಸಮಯ ಅಳೀತಿದ್ದೆ," ಎಂದವನು ನೀರಿನ ಲೋಟ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತ. ಮರಳಿ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಅದು ಲೆಕ್ಕಾನೇ ಮಾಡಿಲ್ಲ. ಉತ್ತರಾನ ಯಾರೂ ಬಳಸಲ್ಲ ಅಂತ ನೋಡ್ಕೊಂಡು, ಕಂಪೈಲರ್ ಲೆಕ್ಕವನ್ನೇ ಕಿತ್ತು ಹಾಕಿದೆ. ಈಗ ಉತ್ತರ ತೋರಿಸು ಅಂದೆ, ಆಗ ನಿಜವಾಗಿ ಲೆಕ್ಕ ಮಾಡ್ತು. ಹಳೇದಕ್ಕಿಂತ ಒಂಚೂರು ಬೇಗ, ಅಷ್ಟೇ."

ಏನೂ ಮಾಡದೆ ಇರುವುದಕ್ಕೆ ಎಷ್ಟು ಸಮಯ ಬೇಕೆಂದು ಅಣ್ಣ ಬಹಳ ನಿಖರವಾಗಿ ಅಳೆದಿದ್ದ. ಅತ್ತಿಗೆ ನಕ್ಕರು. ನನಗೆ ನಗು ಬರಲಿಲ್ಲ.

"ಮೆಟ್ಟಿಲಿನ ಲೆಕ್ಕಕ್ಕೆ ಸಮಯ ಸಾಲದೆ ಹೋಗಬಹುದು. ನಾಳೆ ಮೆಟ್ಟಿಲು ಬೇಡ," ಎಂದ.

"ಎಲ್ಲೋ ಒಂದ್ಸಲ ತಡವಾಗಬಹುದು, ಆದ್ರೇನು? ಸುಮ್ನಿರು. ನಿನಗೂ ಕುರ್ಚಿ ಸಿಗುತ್ತೆ, ನನಗೂ ಮೆಟ್ಟಿಲು ಸಿಗುತ್ತೆ."

ಬೆಳಿಗ್ಗೆ ಅಣ್ಣ ಕಚೇರಿಯಲ್ಲಿ ಎಲ್ಲರೆದುರು ನಿಂತು ತಾನು ಅಳೆದದ್ದು ಏನೆಂದು ಹೇಳಿಬಿಟ್ಟ. ಯಾರೋ ಕಿಸಕ್ಕೆಂದರು. ಪರೀಕ್ಷೆ ನೋಡಲು ಹೊರಗಿನವರನ್ನು ಕರೆದಿದ್ದ ಮೇಲಧಿಕಾರಿ ಹಣೆ ಒತ್ತಿಕೊಂಡರು. ನಾನು ಮುಖ ಊದಿಸಿಕೊಂಡು, ಒಂದೇ ಒಂದು ಸಲ ಇಳಿದು ನೋಡುತ್ತೇನೆ ಎಂದು ಹಟ ಹಿಡಿದೆ.

ಅಣ್ಣ ಹೊಸ ಮಂಡಿಯನ್ನು, ಮೆಟ್ಟಿಲಿಳಿದಂತೆ ಆಡಿಸುವ ಯಂತ್ರವೊಂದಕ್ಕೆ ಬಿಗಿದ. ಅದರ ಮೇಲೆ ಮರಳಿನ ಚೀಲ ಕಟ್ಟಿ ಯಂತ್ರ ಶುರು ಮಾಡಿದ. ಮಂಡಿ ಬಾಗಿತು, ಬಿಗಿಯಿತು, ಮತ್ತೆ ಬಾಗಿತು. ಎಷ್ಟು ಚೆಂದ ಇಳಿಯುತ್ತಿತ್ತು ಎಂದರೆ ನನಗೆ ಹೊಟ್ಟೆಕಿಚ್ಚಾಯಿತು. "ನೋಡು, ಏನಾಗಿದೆ ಇದಕ್ಕೆ?" ಎಂದು ಕೇಳಿದೆ. ಅವನು ಕಣ್ಣು ತೆಗೆಯದೆ ನೋಡುತ್ತಲೇ ಇದ್ದ. ನಾನು ಕಾಯಲಾರದೆ ಕುರ್ಚಿಯಿಂದ ಎದ್ದೆ.

ಅಷ್ಟರಲ್ಲಿ, ಬಿಗಿಯಬೇಕಿದ್ದ ಮಂಡಿ ಮಡಚಿಕೊಂಡಿತು. ಚೀಲ ಮುಗ್ಗರಿಸಿ ನೆಲಕ್ಕೆ ಅಪ್ಪಳಿಸಿ, ಹರಿದು, ಮರಳೆಲ್ಲ ಚೆಲ್ಲಿತು.

ಅಣ್ಣ ಯಂತ್ರ ನಿಲ್ಲಿಸಿದ.

"ಎಷ್ಟು ತೂಕ ತುಂಬಿದ್ದೆ?" ಎಂದು ಕೇಳಿದೆ.

"ನಿನ್ನಷ್ಟೇ," ಎಂದ.

ಬೇರೆ ದಿನವಾಗಿದ್ದರೆ ನಾನು ಇಷ್ಟು ದಪ್ಪಗಿದ್ದೀನಾ ಎಂದು ಜಗಳ ತೆಗೆಯುತ್ತಿದ್ದೆ. ಅವತ್ತು ತುಂಬ ಹೆದರಿಕೆಯಾಗಿತ್ತು. ಅಣ್ಣ ನೆಲಕ್ಕೆ ಕೂತು ಎರಡೂ ಕೈಯಿಂದ ಮರಳು ಬಾಚತೊಡಗಿದ. ನಾನೂ ಕಷ್ಟಪಟ್ಟು ಪಕ್ಕದಲ್ಲಿ ಕೂತು ಬಾಚಿದೆ.